ಲಂಡನ್ ರೈಲು, ಮಂಡ್ಯದ ಮಂಡಿ

ಹೋದ ಸಂಚಿಕೆಯಲ್ಲಿ ಮಗನ ಮನೆಗೆ ಲಂಡನ್ನಿಗೆ ಹೋಗಿ ಬಂದೆ ಅಂತ ಎರಡೇ ಸಾಲು ಬರೆದಿದ್ದೆ. ಅದಕ್ಕೆ ಇಷ್ಟೊಂದು ಪ್ರಶ್ನೆ ಬರುತ್ತವೆ ಅಂತ ಖಂಡಿತ ಅಂದುಕೊಂಡಿರಲಿಲ್ಲ. ಮೈಸೂರು, ಮಂಡ್ಯದ ಅರ್ಧಕ್ಕರ್ಧ ಮನೆಗಳ ಮಕ್ಕಳು ಅಲ್ಲೇ ಇದ್ದಾರೇನೋ! ಎಲ್ಲದಕ್ಕೂ ಉತ್ತರ ಬರೆಯಲು ಜಾಗ ಸಾಲದು, ಆರು ಪ್ರಶ್ನೆ ಆರಿಸಿಕೊಂಡಿದ್ದೇನೆ. ನಾನು ಮೂವತ್ತು ವರ್ಷ ರೈಲ್ವೆ ಟಿಕೆಟ್ ಕೌಂಟರಿನಲ್ಲಿ ಕೂತವನು. ಹಾಗಾಗಿ ಅರಮನೆ, ಗಡಿಯಾರದ ಗೋಪುರಕ್ಕಿಂತ ರೈಲಿನ ಮಾತೇ ಜಾಸ್ತಿ ಬರುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ನಾನು ಮತ್ತು ನಮ್ಮ ಯಜಮಾನರು ಮಗಳ ಮನೆಗೆ ಹೊರಟಿದ್ದೇವೆ. ಅವಳು ಬೆಳಗ್ಗೆ ಕೆಲಸಕ್ಕೆ ಹೋದರೆ ಬರುವುದು ಸಂಜೆ ಏಳಕ್ಕೆ. ನಾವಿಬ್ಬರೇ ರೈಲಿನಲ್ಲಿ ಓಡಾಡಬಹುದಾ? ಪಾಸ್ ತಗೋಬೇಕಾ? ನನಗೆ ಮಂಡಿ ನೋವು ಬೇರೆ.
– ನಿವೃತ್ತ ಶಿಕ್ಷಕಿ, ಮಂಡ್ಯ

ಧಾರಾಳವಾಗಿ ಓಡಾಡಬಹುದು ಮೇಡಂ. ಮೊದಲು ಪಾಸಿನ ವಿಷಯ ಹೇಳಿಬಿಡುತ್ತೇನೆ, ಯಾಕೆಂದರೆ ಇಲ್ಲಿಂದ ಹೊರಡುವ ಮುಂಚೆಯೇ ಯಾರಾದರೂ ಒಂದು ಪಾಸನ್ನು ನಿಮ್ಮ ತಲೆಗೆ ಕಟ್ಟಲು ನೋಡುತ್ತಾರೆ. ಬೇಡ. ನಿಮ್ಮ ಬ್ಯಾಂಕ್ ಕಾರ್ಡಿನ ಮೇಲೆ ವೈ-ಫೈ ಗುರುತನ್ನು ಅಡ್ಡ ಮಲಗಿಸಿದ ಹಾಗೆ ನಾಲ್ಕು ಗೆರೆ ಇದ್ದು, ಅದು ವೀಸಾ ಅಥವಾ ಮಾಸ್ಟರ್‌ಕಾರ್ಡ್ ಆಗಿದ್ದರೆ ಅದೇ ನಿಮ್ಮ ಟಿಕೆಟ್ಟು. ಗೇಟಿನ ಮೇಲೆ ಹಳದಿ ಬಣ್ಣದ ದುಂಡನೆ ಬಿಲ್ಲೆ ಇರುತ್ತದೆ. ಅದಕ್ಕೆ ಕಾರ್ಡ್ ಮುಟ್ಟಿಸಿ ಒಳಗೆ ಹೋಗಿ, ಇಳಿದ ಕಡೆ ಮತ್ತೆ ಮುಟ್ಟಿಸಿ ಹೊರಗೆ ಬನ್ನಿ. ಎಷ್ಟು ಹಿಡಿಯಬೇಕು ಅನ್ನುವುದು ಅವರ ತಲೆನೋವು. ದಿನಕ್ಕೆ ಇಷ್ಟೇ ಅಂತ ಒಂದು ಮಿತಿ ಇದೆ, ಅದು ದಾಟಿದ ಮೇಲೆ ಆ ದಿನ ಎಷ್ಟು ಸಲ ಹತ್ತಿ ಇಳಿದರೂ ಅದೇ ವಲಯಗಳೊಳಗೆ (ದರದ ಲೆಕ್ಕಕ್ಕೆ ಊರನ್ನು ಸುತ್ತು ಸುತ್ತಾಗಿ ಹಂಚಿದ್ದಾರೆ) ಮತ್ತೆ ದುಡ್ಡು ಹಿಡಿಯುವುದಿಲ್ಲ. ಸೋಮವಾರದಿಂದ ಭಾನುವಾರಕ್ಕೆ ವಾರದ ಮಿತಿಯೂ ಬೇರೆ ಇದೆ. ಅಂದರೆ ಪಾಸು ತಾನಾಗಿಯೇ ಆಗುತ್ತದೆ, ಮೊದಲೇ ದುಡ್ಡು ಕಟ್ಟಿ ಕೂರಬೇಕಾಗಿಲ್ಲ ಅಲ್ವಾ?

ದರ ಎಷ್ಟು ಅಂತ ಬರೆಯುವುದಿಲ್ಲ, ಅದು ಸಾಮಾನ್ಯವಾಗಿ ವರ್ಷಕ್ಕೊಮ್ಮೆ ಮಾರ್ಚ್ ಹೊತ್ತಿಗೆ ಬದಲಾಗುತ್ತದೆ. ಆದರೆ ವಾರದ ದಿನಗಳಲ್ಲಿ ಬೆಳಗ್ಗೆ 6.30ರಿಂದ 9.30, ಸಂಜೆ 4ರಿಂದ 7 ಗಂಟೆಯವರೆಗೆ ದರ ಜಾಸ್ತಿ, ನೂಕುನುಗ್ಗಲೂ ಜಾಸ್ತಿ. ತಿಂಡಿ ತಿಂದು, ಕಾಫಿ ಕುಡಿದು, ಹತ್ತಕ್ಕೆ ಮನೆ ಬಿಡಿ.

ಮೂರು ವಿಷಯದಲ್ಲಿ ಮಾತ್ರ ಹುಷಾರು. ಒಬ್ಬರಿಗೆ ಒಂದು ಕಾರ್ಡು, ಗಂಡ ಹೆಂಡತಿ ಒಂದೇ ಕಾರ್ಡಿನಲ್ಲಿ ಹೋಗಲು ಆಗುವುದಿಲ್ಲ. ಇಲ್ಲಿಂದ ಹೊರಡುವ ಮುಂಚೆ ಬ್ಯಾಂಕ್ ಆ್ಯಪಿನಲ್ಲಿ ಹೊರದೇಶದ ಬಳಕೆಯನ್ನೂ, ಮುಟ್ಟಿಸಿ ಹಣ ಕಟ್ಟುವ ಸೌಲಭ್ಯವನ್ನೂ ಆನ್ ಮಾಡಿ. ಇಲ್ಲದಿದ್ದರೆ ಗೇಟಿನ ಮುಂದೆ ನಿಂತು ಬೆವರುತ್ತೀರಿ. ಮೂರನೆಯದು ನಾನೇ ಮಾಡಿದ ಎಡವಟ್ಟು. ಮಗ ತನ್ನ ಒಂದು ಕಾರ್ಡ್ ಕೊಟ್ಟಿದ್ದ, ಅದನ್ನೇ ನನ್ನ ಫೋನಿಗೂ ಸೇರಿಸಿದ್ದ. ಹೋಗುವಾಗ ಕಾರ್ಡ್ ಮುಟ್ಟಿಸಿದೆ. ಹೊರಗೆ ಬರುವಾಗ ಹಿಂದೆ ಜನ, ಜೇಬಿಗೆ ಕೈ ಹಾಕಿದರೆ ಮೊದಲು ಸಿಕ್ಕಿದ್ದು ಫೋನು. ಎರಡೂ ಒಂದೇ ತಾನೇ ಅಂತ ಅದನ್ನೇ ಮುಟ್ಟಿಸಿದೆ, ಗೇಟೂ ತೆರೆಯಿತು. ರಾತ್ರಿ ಮಗ ಲೆಕ್ಕ ತೆಗೆದು ನೋಡಿದರೆ ಎರಡು ಪ್ರಯಾಣ! ಒಂದರಲ್ಲಿ ನಾನು ಒಳಗೆ ಹೋಗಿ ಹೊರಗೆ ಬಂದೇ ಇಲ್ಲ, ಇನ್ನೊಂದರಲ್ಲಿ ಒಳಗೆ ಹೋಗದೆಯೇ ಹೊರಗೆ ಬಂದಿದ್ದೇನೆ. ಎರಡಕ್ಕೂ ಅತಿ ಹೆಚ್ಚಿನ ದರ ಹಿಡಿದಿದ್ದರು. ಟಿಕೆಟ್ ಕೊಟ್ಟೇ ಪೆನ್ಶನ್ ತಗೊಂಡವನಿಗೆ ಈ ಗತಿ. ಕಾರ್ಡಾದರೆ ಕಾರ್ಡು, ಫೋನಾದರೆ ಫೋನು, ಬೆಳಗ್ಗೆ ಯಾವುದು ಹಿಡಿದಿರೋ ರಾತ್ರಿವರೆಗೂ ಅದೇ.

ಹೊರದೇಶದ ಬಳಕೆಗೆ ನಿಮ್ಮ ಬ್ಯಾಂಕ್ ಜಾಸ್ತಿ ಶುಲ್ಕ ಹಿಡಿಯುತ್ತದೆ ಅಂತಾದರೆ ಸ್ಟೇಷನ್ನಿನಲ್ಲಿ ಸಿಗುವ ಆಯ್ಸ್ಟರ್ ಕಾರ್ಡ್ ತಗೊಂಡು ದುಡ್ಡು ತುಂಬಿಸಿಕೊಳ್ಳಿ. ಆದರೆ ಆ ಕಾರ್ಡಿಗೇ ಬೇರೆ ದುಡ್ಡು, ಅದು ವಾಪಸ್ ಬರುವುದಿಲ್ಲ.

ಇನ್ನು ಮಂಡಿ. ಇದನ್ನು ಮಕ್ಕಳು ಯಾರೂ ಹೇಳುವುದಿಲ್ಲ, ಅವರ ಮಂಡಿ ಗಟ್ಟಿ ಇರುತ್ತದೆ. ಲಂಡನ್ ಅಂಡರ್‌ಗ್ರೌಂಡ್ ಅನ್ನುವ ನೆಲದಡಿಯ ರೈಲು ಶುರುವಾದದ್ದು 1863ರಲ್ಲಿ, ಆಗಿನ್ನೂ ಬೆಂಗಳೂರಿಗೇ ರೈಲು ಬಂದಿರಲಿಲ್ಲ. ಉಗಿಬಂಡಿಯನ್ನೇ ಸುರಂಗದಲ್ಲಿ ಓಡಿಸಿದರಂತೆ, ಆ ಹೊಗೆ ಕುಡಿದವರ ಪಾಡು ಏನಾಗಿರಬೇಡ. ಅಷ್ಟು ಹಳೆಯ ಸ್ಟೇಷನ್ನುಗಳಿಗೆ ಈಗ ಲಿಫ್ಟ್ ಕೂರಿಸುವುದು ಸುಲಭ ಅಲ್ಲ. ಒಟ್ಟು 272 ಸ್ಟೇಷನ್ನಿನಲ್ಲಿ ಮೆಟ್ಟಿಲೇ ಹತ್ತದೆ ಹೋಗಿಬರಬಹುದಾದವು ಸುಮಾರು ಮೂರನೇ ಒಂದು ಭಾಗ ಮಾತ್ರ. 2022ರಲ್ಲಿ ಶುರುವಾದ ಎಲಿಜಬೆತ್ ಲೈನ್ ಅನ್ನುವ ಹೊಸ ರೈಲು ಮಾರ್ಗ ಹಾಗಲ್ಲ, ಅದರ 41 ಸ್ಟೇಷನ್ನುಗಳಲ್ಲೂ ಮೆಟ್ಟಿಲಿಲ್ಲದ ದಾರಿ ಇದೆ, ಬೋಗಿಯಲ್ಲಿ ಎಸಿಯೂ ಇದೆ. ಲಂಡನ್ ಸಾರಿಗೆಯವರ ಆ್ಯಪಿನಲ್ಲಿ ಮೆಟ್ಟಿಲಿಲ್ಲದ ದಾರಿ ಅಂತ ಕೇಳಿ ಹುಡುಕಬಹುದು, ಮಗಳಿಗೆ ಹೇಳಿ ಅದನ್ನು ಹಾಕಿಸಿಕೊಳ್ಳಿ. ಹತ್ತು ನಿಮಿಷ ಜಾಸ್ತಿ ಆದರೂ ಪರವಾಗಿಲ್ಲ, ಅದೇ ದಾರಿ ಹಿಡಿಯಿರಿ. ಮಂಡಿ ತೀರಾ ಕೈಕೊಟ್ಟ ದಿನ ಬಸ್ಸು ಹತ್ತಿ. ಬಸ್ಸಿನಲ್ಲಿ ನಗದು ತಗೊಳ್ಳುವುದನ್ನು 2014ರಲ್ಲೇ ನಿಲ್ಲಿಸಿದ್ದಾರೆ, ಹತ್ತುವಾಗ ಒಂದು ಸಲ ಕಾರ್ಡ್ ಮುಟ್ಟಿಸಿದರೆ ಸಾಕು, ಇಳಿಯುವಾಗ ಬೇಡ. ಒಂದು ಗಂಟೆಯೊಳಗೆ ಇನ್ನೊಂದು ಬಸ್ ಹತ್ತಿದರೆ ಅದಕ್ಕೆ ಬೇರೆ ದುಡ್ಡಿಲ್ಲ.

ಪ್ರಶ್ನೆ: ಹೀಥ್ರೂ ಏರ್‌ಪೋರ್ಟಿನಿಂದ ಊರೊಳಗೆ ಹೋಗಲು ಮೂರು ರೈಲು ಇವೆಯಂತೆ. ಯಾವುದು ಒಳ್ಳೆಯದು?
– ಕುವೆಂಪುನಗರ, ಮೈಸೂರು

ಹೀಥ್ರೂ ಎಕ್ಸ್‌ಪ್ರೆಸ್ ಎಲ್ಲೂ ನಿಲ್ಲದೆ ಹದಿನೈದು ನಿಮಿಷದಲ್ಲಿ ಊರೊಳಗಿನ ದೊಡ್ಡ ಸ್ಟೇಷನ್ ಪ್ಯಾಡಿಂಗ್ಟನ್‌ಗೆ ಬಿಡುತ್ತದೆ, ಮೂರರಲ್ಲಿ ಅದೇ ದುಬಾರಿ. ಅಂಡರ್‌ಗ್ರೌಂಡಿನ ಪಿಕಡಿಲಿ ಲೈನ್ ಎಲ್ಲಕ್ಕಿಂತ ಅಗ್ಗ. ಆದರೆ ನಡುಪೇಟೆಗೆ ಮುಕ್ಕಾಲು ಗಂಟೆಯ ಮೇಲೆ ಬೇಕು. ಬೋಗಿ ಇಕ್ಕಟ್ಟು, ದೊಡ್ಡ ಸೂಟ್‌ಕೇಸ್ ಇಟ್ಟರೆ ಎದುರಿನವರ ಕಾಲಿಗೇ ತಗಲುತ್ತದೆ. ನಾನು ಹೇಳುವುದು ಎಲಿಜಬೆತ್ ಲೈನ್. ಅರ್ಧ ಗಂಟೆಯ ಆಸುಪಾಸಿನಲ್ಲಿ ಪ್ಯಾಡಿಂಗ್ಟನ್ ಮುಟ್ಟುತ್ತದೆ, ಅಲ್ಲಿಂದ ಇಳಿಯದೆ ಪೇಟೆ ಒಳಗೂ ಹೋಗಬಹುದು. ಎಕ್ಸ್‌ಪ್ರೆಸ್ಸಿನಲ್ಲಿ ಉಳಿಸಿದ ಹದಿನೈದು ನಿಮಿಷ ಇಟ್ಟುಕೊಂಡು ಏನು ಮಾಡುತ್ತೀರಿ ಹೇಳಿ? ಬಂದ ದಿನ ಹೇಗೂ ನಿದ್ದೆಗಣ್ಣು. ಪೋರ್ಟರ್ ಯಾರೂ ಸಿಗುವುದಿಲ್ಲ, ಆದ್ದರಿಂದ ಉಪ್ಪಿನಕಾಯಿ ಡಬ್ಬ, ಚಟ್ನಿಪುಡಿ ಪೊಟ್ಟಣ ಎಲ್ಲ ಸೇರಿ ನೀವೇ ಎಳೆಯುವಷ್ಟು ಮಾತ್ರ ತುಂಬಿ.

ಪ್ರಶ್ನೆ: ಅಂಡರ್‌ಗ್ರೌಂಡ್ ರೈಲಿನ ನಕ್ಷೆ ನೋಡಿದರೆ ತಲೆ ತಿರುಗುತ್ತದೆ. ಅದನ್ನು ಓದುವುದು ಹೇಗೆ?
– ಪಾಂಡವಪುರ

ತಲೆ ತಿರುಗುವಂಥದ್ದೇನೂ ಇಲ್ಲ, ಒಂದೊಂದು ಲೈನಿಗೆ ಒಂದೊಂದು ಬಣ್ಣ, ಅದನ್ನು ಹಿಡಿದುಕೊಂಡು ಹೋದರೆ ಸಾಕು. ಆದರೆ ಅದು ಊರಿನ ನಕ್ಷೆ ಅಲ್ಲ, ಇದು ಗೊತ್ತಿರಲಿ. ಹ್ಯಾರಿ ಬೆಕ್ ಅನ್ನುವ ಡ್ರಾಫ್ಟ್ಸ್‌ಮನ್ 1931ರಲ್ಲಿ ಅದನ್ನು ಬರೆದ. ವಿದ್ಯುತ್ ಸರ್ಕಿಟ್ಟಿನ ಚಿತ್ರದ ಹಾಗೆ ನೇರ ಗೆರೆ, ಓರೆ ಗೆರೆ ಅಷ್ಟೇ, ದೂರದ ಲೆಕ್ಕವನ್ನೇ ಬಿಟ್ಟುಬಿಟ್ಟ. 1933ರಲ್ಲಿ ಅಚ್ಚಾಗಿ ಜನರ ಕೈಗೆ ಬಂತು. ಈಗಿನದೂ ಅದೇ ರೀತಿ. ಹಾಗಾಗಿ ನಕ್ಷೆಯಲ್ಲಿ ಒಂದು ಸ್ಟೇಷನ್ ದೂರ ಕಂಡದ್ದು ನಿಜವಾಗಿ ಮೂರು ನಿಮಿಷದ ನಡಿಗೆ ಇರಬಹುದು. ಲೆಸ್ಟರ್ ಸ್ಕ್ವೇರ್‌ನಿಂದ ಕೋವೆಂಟ್ ಗಾರ್ಡನ್‌ಗೆ ಸುಮಾರು 260 ಮೀಟರ್ ಅಷ್ಟೇ. ನಾನು ಗೊತ್ತಿಲ್ಲದೆ ರೈಲು ಹತ್ತಿದೆ. ಕೂರುವಷ್ಟರಲ್ಲಿ ಇಳಿಯುವ ಸ್ಟೇಷನ್ ಬಂತು.

ಅಷ್ಟಕ್ಕೇ ಮುಗಿಯಲಿಲ್ಲ. ಕೋವೆಂಟ್ ಗಾರ್ಡನ್‌ನಲ್ಲಿ ಮೇಲೆ ಬರಲು ಲಿಫ್ಟು, ಅದರ ಮುಂದೆ ನಮ್ಮ ದಸರಾ ಹೊತ್ತಿನ ಹಾಗೆ ಜನ. ಪಕ್ಕದಲ್ಲಿ ಮೆಟ್ಟಿಲ ದಾರಿ, 193 ಮೆಟ್ಟಿಲಿವೆ ಅಂತ ಬೋರ್ಡ್ ಬೇರೆ. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿದವನು ನಾನು, ಇದ್ಯಾವ ಮಹಾ ಅಂತ ಹೊರಟೆ. ಬೆಟ್ಟದಲ್ಲಾದರೆ ಗಾಳಿ ಇದೆ, ನಿಂತು ಊರು ನೋಡಬಹುದು, ನಡುವೆ ನಂದಿ ಇದ್ದಾನೆ. ಇಲ್ಲಿ ಬಾವಿಯೊಳಗಿನ ಹಾಗೆ ಸುತ್ತಿ ಸುತ್ತಿ ಹೋಗುವ ಮೆಟ್ಟಿಲು, ಕೂರಲು ಜಾಗವಿಲ್ಲ, ಎಷ್ಟು ಹತ್ತಿದೆ ಅನ್ನುವುದೂ ತಿಳಿಯುವುದಿಲ್ಲ. ಹಿಂದಿನಿಂದ ಬಂದ ಹುಡುಗಿ ಒಬ್ಬಳು ಸಾರಿ ಅಂತ ದಾಟಿ ಹೋದಳು. ಮೇಲೆ ಬಂದಾಗ ಲಿಫ್ಟಿಗೆ ನಿಂತಿದ್ದ ನನ್ನ ಹೆಂಡತಿ ಆಗಲೇ ಐಸ್‌ಕ್ರೀಂ ತಿನ್ನುತ್ತಿದ್ದಳು.

ಇನ್ನೊಂದು ಮಾತು. ಅಲ್ಲಿ ಪ್ಲಾಟ್‌ಫಾರಂ ನಂಬರ್‌ಗಿಂತ ದಿಕ್ಕು ಮುಖ್ಯ. ಉತ್ತರಕ್ಕೆ, ದಕ್ಷಿಣಕ್ಕೆ, ಪೂರ್ವಕ್ಕೆ, ಪಶ್ಚಿಮಕ್ಕೆ ಅಂತ ಬರೆದಿರುತ್ತಾರೆ. ಒಂದೇ ಬಣ್ಣದ ಲೈನ್ ಮುಂದೆ ಕವಲೊಡೆಯುವುದೂ ಉಂಟು, ನಾರ್ದರ್ನ್ ಮತ್ತು ಡಿಸ್ಟ್ರಿಕ್ಟ್ ಲೈನಿನಲ್ಲಿ ಇದು ಜಾಸ್ತಿ. ರೈಲಿನ ಮುಂದೆ ಬರೆದಿರುವ ಕೊನೆಯ ಸ್ಟೇಷನ್ ಹೆಸರು ನೋಡಿ ಹತ್ತಿ. ಎಸ್ಕಲೇಟರಿನಲ್ಲಿ ಬಲಗಡೆ ನಿಲ್ಲಿ, ಎಡಗಡೆ ಅವಸರದವರಿಗೆ. ಶನಿವಾರ, ಭಾನುವಾರ ರಿಪೇರಿ ಅಂತ ಕೆಲವು ಲೈನ್ ಮುಚ್ಚಿರುತ್ತಾರೆ, ಹೊರಡುವ ಮುಂಚೆ ನೋಡಿಕೊಳ್ಳಿ.

ಪ್ರಶ್ನೆ: ನಮ್ಮೂರಿನ ಟಿಪ್ಪು ಹುಲಿ ಲಂಡನ್ನಿನಲ್ಲಿದೆ ಅಂತಾರೆ. ರೈಲಿನಲ್ಲಿ ಹೋಗಿ ನೋಡಬಹುದಾ?
– ಶ್ರೀರಂಗಪಟ್ಟಣ

ಇದಕ್ಕಾಗಿಯೇ ನಾನು ಒಂದು ದಿನ ಎತ್ತಿಟ್ಟಿದ್ದೆ. ಅದು ಇರುವುದು ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನವರ ಬಳಿ. ಸೌತ್ ಕೆನ್ಸಿಂಗ್ಟನ್ ಸ್ಟೇಷನ್ನಿನಲ್ಲಿ ಇಳಿಯಿರಿ, ಪಿಕಡಿಲಿ, ಡಿಸ್ಟ್ರಿಕ್ಟ್, ಸರ್ಕಲ್ ಮೂರೂ ಲೈನ್ ಅಲ್ಲಿಗೆ ಬರುತ್ತವೆ. ಮೆಟ್ಟಿಲು ಇವೆ, ಮಂಡ್ಯದ ಮೇಡಂ ಗಮನಿಸಿ. ಸ್ಟೇಷನ್ನಿನಿಂದ ಮ್ಯೂಸಿಯಂಗಳ ಕಡೆಗೆ ನೆಲದಡಿಯಲ್ಲೇ ಕಾಲುದಾರಿ ಇದೆ, ಮಳೆ ಬಂದರೂ ನೆನೆಯುವುದಿಲ್ಲ. ಪ್ರವೇಶ ಉಚಿತ. ಗ್ಯಾಲರಿಗಳನ್ನು ಆಗಾಗ ಬದಲಾಯಿಸುತ್ತಿರುತ್ತಾರೆ, ಹುಲಿ ಈಗ ಪ್ರದರ್ಶನದಲ್ಲಿದೆಯಾ ಅಂತ ಅವರ ವೆಬ್‌ಸೈಟಿನಲ್ಲಿ ನೋಡಿಕೊಂಡೇ ಹೊರಡಿ.

ಮರದ ಹುಲಿ, ಹೆಚ್ಚುಕಮ್ಮಿ ನಿಜವಾದ ಹುಲಿಯಷ್ಟೇ ದೊಡ್ಡದು. ಕೆಳಗೆ ಬಿದ್ದಿರುವ ಬಿಳಿಯನ ಕುತ್ತಿಗೆಗೆ ಬಾಯಿ ಹಾಕಿದೆ. ಪಕ್ಕದ ಹಿಡಿ ತಿರುಗಿಸಿದರೆ ಹುಲಿ ಗುರುಗುಟ್ಟುತ್ತದೆ, ಅವನು ನರಳುತ್ತಾನೆ, ಅವನ ಕೈಯೂ ಮೇಲೆ ಕೆಳಗೆ ಆಡುತ್ತದೆ. 1799ರ ಮೇ 4ರಂದು ಕೋಟೆ ಬಿದ್ದ ಮೇಲೆ ಅರಮನೆಯಲ್ಲಿ ಸಿಕ್ಕಿದ್ದನ್ನು ಹೊತ್ತುಕೊಂಡು ಹೋದರು. ಈಸ್ಟ್ ಇಂಡಿಯಾ ಕಂಪನಿಯ ಲಂಡನ್ ಕಚೇರಿಯಲ್ಲಿ 1808ರಿಂದ ಜನರ ನೋಟಕ್ಕೆ ಇಟ್ಟಿದ್ದರು. ಬಂದವರೆಲ್ಲ ಹಿಡಿ ತಿರುಗಿಸಿ ತಿರುಗಿಸಿ, ಅಲ್ಲೇ ಲೈಬ್ರರಿಯಲ್ಲಿ ಓದುವವರಿಗೆ ಆ ಸದ್ದಿನ ಕಾಟವಂತೆ! ಎರಡನೇ ಮಹಾಯುದ್ಧದಲ್ಲಿ ಚಾವಣಿ ಕುಸಿದು ಚೂರಾಗಿತ್ತು, ಮತ್ತೆ ಜೋಡಿಸಿದ್ದಾರೆ. ಈಗ ನಾವು ಹಿಡಿ ಮುಟ್ಟುವ ಹಾಗಿಲ್ಲ, ಗಾಜಿನ ಆಚೆಯಿಂದ ನೋಡಬೇಕು. ಹತ್ತಿರ ಹೋಗಿ ಹುಲಿಯ ಕಣ್ಣು ನೋಡಿದೆ. ಗಂಜಾಂನಲ್ಲಿ ಇರಬೇಕಾದದ್ದು ಇಲ್ಲಿ ಏನು ಮಾಡುತ್ತಿದೆ ಅಂತ ಒಂಥರಾ ಆಯಿತು.

ಅಷ್ಟು ದೂರ ಹೋದ ಮೇಲೆ ಪಕ್ಕದ ಸೈನ್ಸ್ ಮ್ಯೂಸಿಯಂಗೂ ಹೋಗಿ, ಅದೂ ಉಚಿತ. ಈಗ ಉಳಿದಿರುವ ಉಗಿಬಂಡಿಗಳಲ್ಲೇ ಅತಿ ಹಳೆಯದು, ಪಫಿಂಗ್ ಬಿಲ್ಲಿ, ಅಲ್ಲಿದೆ. ನಮ್ಮ ಮೈಸೂರಿನ ರೈಲ್ವೆ ಮ್ಯೂಸಿಯಂ ಇಷ್ಟಪಡುವವರು ಅದರ ಮುಂದೆ ಅರ್ಧ ಗಂಟೆ ನಿಲ್ಲುತ್ತೀರಿ. ಬಸವಣ್ಣನವರ ಪ್ರತಿಮೆ ನೋಡಬೇಕೆನ್ನುವವರಿಗೆ: ಅದು ಥೇಮ್ಸ್ ನದಿಯ ದಂಡೆಯಲ್ಲಿ, ಲ್ಯಾಂಬೆತ್ ಸೇತುವೆಯ ಹತ್ತಿರ, 2015ರ ನವೆಂಬರಿನಲ್ಲಿ ಅನಾವರಣವಾದದ್ದು. ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಇಳಿದು, ಸೇತುವೆ ದಾಟಿ, ನದಿ ಪಕ್ಕದಲ್ಲೇ ನಡೆದುಕೊಂಡು ಹೋಗಿ.

ಪ್ರಶ್ನೆ: ಲಂಡನ್ನಿನಿಂದ ಒಂದು ದಿನ ಪ್ಯಾರಿಸ್‌ಗೆ ರೈಲಿನಲ್ಲಿ ಹೋಗಿ ಬರಬಹುದಾ?
– ಮದ್ದೂರು

ಸಮಯದ ಲೆಕ್ಕದಲ್ಲಿ ಆಗುತ್ತದೆ. ಸೇಂಟ್ ಪ್ಯಾಂಕ್ರಾಸ್ ಸ್ಟೇಷನ್ನಿನಿಂದ ಯೂರೋಸ್ಟಾರ್, ಸಮುದ್ರದಡಿಯ ಸುರಂಗದಲ್ಲಿ, ಎರಡೂಕಾಲು ಗಂಟೆಯ ಆಸುಪಾಸು. ನಮ್ಮ ಮದ್ದೂರಿನಿಂದ ಹಬ್ಬದ ಹಿಂದಿನ ದಿನ ಬೆಂಗಳೂರು ಮುಟ್ಟಲು ಅಷ್ಟೇ ಹೊತ್ತು ಬೇಕು. ಆದರೆ ವೀಸಾ! ಬ್ರಿಟನ್ನಿನ ವೀಸಾ ಬ್ರಿಟನ್ನಿಗೆ ಮಾತ್ರ. ಫ್ರಾನ್ಸಿಗೆ ಷೆಂಗೆನ್ ವೀಸಾ ಬೇರೆ, ಅದನ್ನು ಇಲ್ಲಿಂದಲೇ ಮಾಡಿಸಿಕೊಂಡು ಹೋಗಿ. ಬ್ರಿಟನ್ ವೀಸಾ ಕೂಡ ಒಂದಕ್ಕಿಂತ ಹೆಚ್ಚು ಸಲ ಒಳಗೆ ಬಿಡುವಂಥದ್ದೇ ಅಂತ ನೋಡಿಕೊಳ್ಳಿ, ಇಲ್ಲದಿದ್ದರೆ ಸಂಜೆ ವಾಪಸ್ ಬರುವಾಗ ಕಷ್ಟ. ಪಾಸ್‌ಪೋರ್ಟ್ ತಪಾಸಣೆ ರೈಲು ಹತ್ತುವ ಮುಂಚೆ ಸೇಂಟ್ ಪ್ಯಾಂಕ್ರಾಸ್‌ನಲ್ಲೇ ಮುಗಿಸುತ್ತಾರೆ, ರೈಲು ಹೊರಡುವ ಹೊತ್ತಿಗಿಂತ ಒಂದು ಗಂಟೆಗೂ ಹೆಚ್ಚು ಮುಂಚೆ ಹೋಗಿ. ಟಿಕೆಟ್ ಎಷ್ಟು ಮೊದಲು ತಗೊಂಡರೆ ಅಷ್ಟು ಅಗ್ಗ. ನನ್ನನ್ನು ಕೇಳಿದರೆ ಒಂದು ದಿನಕ್ಕೆ ಹೋಗುವುದು ಸುಮ್ನೆ ಸುಸ್ತು, ಎರಡು ರಾತ್ರಿ ಉಳಿಯುವ ಹಾಗಿದ್ದರೆ ಹೋಗಿ.

ಪ್ರಶ್ನೆ: ಸುರಂಗದಲ್ಲೇ ಓಡಾಡಿದರೆ ಊರು ನೋಡುವುದು ಯಾವಾಗ? ಬಾತ್‌ರೂಮ್ ವ್ಯವಸ್ಥೆ ಹೇಗೆ?
– ಸರಸ್ವತಿಪುರಂ, ಮೈಸೂರು

ಎರಡನೆಯದಕ್ಕೆ ಮೊದಲು ಉತ್ತರ. ಅಂಡರ್‌ಗ್ರೌಂಡ್ ರೈಲಿನಲ್ಲಿ ಶೌಚಾಲಯ ಇಲ್ಲ, ಎಲಿಜಬೆತ್ ಲೈನಿನಲ್ಲೂ ಇಲ್ಲ. ಪ್ಯಾಡಿಂಗ್ಟನ್, ಯೂಸ್ಟನ್, ವಾಟರ್‌ಲೂ ಥರದ ದೊಡ್ಡ ಸ್ಟೇಷನ್ನುಗಳಲ್ಲಿ ಇದೆ, ದುಡ್ಡೂ ಕೇಳುವುದಿಲ್ಲ. ಯೂಸ್ಟನ್ ಪಕ್ಕದ ಡ್ರಮಂಡ್ ಸ್ಟ್ರೀಟಿನಲ್ಲಿ ನಮ್ಮ ಕಡೆಯ ಸಸ್ಯಾಹಾರಿ ಊಟವೂ ಸಿಗುತ್ತದೆ, ಎರಡೂ ಕೆಲಸ ಒಂದೇ ಕಡೆ ಮುಗಿಯಿತು.

ಇನ್ನು ಊರು ನೋಡುವುದು. ಹೆಸರಿಗೆ ಅಂಡರ್‌ಗ್ರೌಂಡ್, ಅದರ ಅರ್ಧಕ್ಕಿಂತ ಜಾಸ್ತಿ ಹಳಿ ಇರುವುದು ನೆಲದ ಮೇಲೆಯೇ. ಆದರೂ ಕಣ್ತುಂಬ ನೋಡಬೇಕಾದರೆ ಡಿಎಲ್‌ಆರ್ ಅನ್ನುವ ಚಿಕ್ಕ ರೈಲು ಹತ್ತಿ. 1987ರಿಂದ ಓಡುತ್ತಿದೆ, ಡ್ರೈವರ್ ಕೋಣೆಯೇ ಇಲ್ಲ, ಎಲ್ಲ ತಾನಾಗಿ ನಡೆಯುತ್ತದೆ. ಹಾಗಾಗಿ ಎಲ್ಲಕ್ಕಿಂತ ಮುಂದಿನ ಸೀಟು ಪ್ರಯಾಣಿಕರಿಗೆ. ಬ್ಯಾಂಕ್ ಸ್ಟೇಷನ್ನಿನಲ್ಲಿ ಲೂಯಿಶಮ್ ಕಡೆಗೆ ಹೋಗುವುದನ್ನು ಹಿಡಿದರೆ, ಸುರಂಗದಿಂದ ಮೇಲೆದ್ದು, ಕ್ಯಾನರಿ ವಾರ್ಫ್‌ನ ಗಾಜಿನ ಕಟ್ಟಡಗಳ ನಡುವೆ ನುಸುಳಿ, ನೀರಿನ ಮೇಲೆ ಹಾದು, ಕಡೆಗೆ ಥೇಮ್ಸ್ ನದಿಯ ಅಡಿಯಿಂದ ಗ್ರೀನಿಚ್ ಮುಟ್ಟುತ್ತದೆ. ಕಟಿ ಸಾರ್ಕ್ ಅನ್ನುವ ಸ್ಟೇಷನ್ನಿನಲ್ಲಿ ಇಳಿಯಬೇಕು. ಮೂವತ್ತು ವರ್ಷ ರೈಲ್ವೆಯಲ್ಲಿದ್ದೂ ಹಳಿ ಎದುರಿಗೆ ಹರಿದು ಬರುವುದನ್ನು ಹೀಗೆ ಕೂತು ನೋಡಿರಲಿಲ್ಲ. ಪಕ್ಕದಲ್ಲಿ ಐದಾರು ವರ್ಷದ ಹುಡುಗನೊಬ್ಬ ನನ್ನ ಸೀಟಿಗೆ ಕಾಯುತ್ತಾ ನಿಂತಿದ್ದ. ನಾನು ಏಳಲಿಲ್ಲ.

ಆದರೆ ಡಿಎಲ್‌ಆರ್‌ನ ಬಹಳಷ್ಟು ಸ್ಟೇಷನ್ನುಗಳಲ್ಲಿ ಗೇಟೇ ಇಲ್ಲ. ಹಳದಿ ಬಿಲ್ಲೆ ಒಂದು ಕಂಬದ ಮೇಲೆ ಸುಮ್ನೆ ಕೂತಿರುತ್ತದೆ. ಹತ್ತುವಾಗ, ಇಳಿದ ಮೇಲೆ ನೀವೇ ನೆನಪಿಟ್ಟುಕೊಂಡು ಕಾರ್ಡ್ ಮುಟ್ಟಿಸಬೇಕು. ಮರೆತು ನಡೆದುಬಿಟ್ಟಿರೋ, ರಾತ್ರಿ ಮನೆಯಲ್ಲಿ ನನ್ನ ಫೋನಿನ ಕತೆಯೇ.