ಸ್ಯಾಮ್ ಅಂಡ್ ಮ್ಯಾಕ್ಸ್ ಮೊದಲ ಸೀಸನ್: ಹೊಗಳಿಕೆ ನಿಜವಾ?

ಸ್ಯಾಮ್ ಅನ್ನೋ ನಾಯಿ, ಮ್ಯಾಕ್ಸ್ ಅನ್ನೋ ಮೊಲ ಪತ್ತೇದಾರರಾಗಿರೋ ಈ ಕಂಪ್ಯೂಟರ್ ಗೇಮನ್ನ ವಿಮರ್ಶಕರು ನಿಜಕ್ಕೂ ಹೊಗಳಿದ್ರಾ, ನೇರ ನಾಲ್ಕನೇ ಕಂತಿಗೆ ಹೋಗಬಹುದಾ ಅಂತ ಕೇಳಿದ್ದೀರಿ. ಹೊಗಳಿದ್ರು ಸಾರ್, ಆದ್ರೆ ಕಣ್ಣುಮುಚ್ಚಿ ಅಲ್ಲ. ಗೇಮನ್ನ ಕಂತಲ್ಲಿ ಕೊಡೋದು ಅಂದ್ರೇನೇ ಆಗ ಅನುಮಾನ, ಎಲ್ಲಾ ಕಂತೂ ಹೊತ್ತಿಗೆ ಸರಿಯಾಗಿ ಬರುತ್ತಾ ಅಂತ. ಗೇಮ್ ಮಾಡಿದ ಟೆಲ್‌ಟೇಲ್ ಕಂಪನಿಯವರು 2006ರ ಅಕ್ಟೋಬರ್‌ನಲ್ಲಿ ಶುರು ಮಾಡಿ 2007ರ ಏಪ್ರಿಲ್‌ಗೆ ಆರೂ ಕಂತು ಮುಗಿಸಿದ್ರು. ಅರ್ಧ ಭೇಷ್ ಅದಕ್ಕೇ, ಉಳಿದರ್ಧ ಮಾತಿನ ಮೊನಚಿಗೆ.

ದೂರು ಏನಂದ್ರೆ ಒಗಟು ಸುಲಭ, ಅದೇ ಬೀದಿ ಅದೇ ಅಂಗಡಿ ಮತ್ತೆ ಮತ್ತೆ. ನನಗೋ ಆ ಅಂಗಡಿಯೇ ಇಷ್ಟ! ಅಂಗಡಿಯವ ಬಾಸ್ಕೋ ಒಂದೊಂದು ಕಂತಿಗೂ ತನ್ನ ಡಕೋಟಾ ಸಾಮಾನಿನ ರೇಟ್ ಏರಿಸ್ತಾ ಕೋಟಿಗಟ್ಟಲೆ ಡಾಲರ್‌ಗೆ ಒಯ್ತಾನೆ. ಮಳೆ ದಿನ ಮೆಜೆಸ್ಟಿಕ್‌ನಲ್ಲಿ ಆಟೋ ಕೇಳಿದ ಹಾಗೆ.

ನಾಲ್ಕನೇದರಲ್ಲಿ ಲಿಂಕನ್ ಪ್ರತಿಮೆ ಎದ್ದು ಬರುತ್ತೆ, ಮ್ಯಾಕ್ಸ್ ಅನ್ನೋ ಮೊಲ ಅಧ್ಯಕ್ಷ ಚುನಾವಣೆಗೆ ನಿಲ್ಲುತ್ತೆ. ಬಹಳ ಜನ ಮೆಚ್ಚಿದ್ದು ಇದನ್ನೇ. ಆದ್ರೂ ಮೊದಲಿಂದ ಆಡಿ, ಜನರನ್ನ ಸಮ್ಮೋಹನಗೊಳಿಸೋ ಕಥೆಯ ಎಳೆ ಕೊನೇವರೆಗೂ ಇದೆ. ಮೂರನೇದು ಚಿಕ್ಕದು, ಬನಶಂಕರಿ ಮನೇಲಿ ಹೋದ ಕರೆಂಟ್ ವಾಪಸ್ ಬರೋ ಹೊತ್ತಿಗೆ ಲ್ಯಾಪ್‌ಟಾಪ್ ಬ್ಯಾಟರಿಯಲ್ಲೇ ಮುಗಿಸಿದ್ದೆ.

ಕೊಳ್ಳೋದಾದ್ರೆ 2020ರ ರೀಮಾಸ್ಟರ್, ಅಂದ್ರೆ ಹಳೇ ಗೇಮನ್ನೇ ತಿದ್ದಿ ಹೊಸದಾಗಿ ತಂದಿದ್ದು. ಬಾಸ್ಕೋ ದನಿ ಬದಲಾಗಿದೆ, ಹಳೇ ಅಭಿಮಾನಿಗಳು ಗೊಣಗಿದ್ರು. ಹೊಸಬರಿಗೆ ಗೊತ್ತೂ ಆಗಲ್ಲ.