ಹಳೆಯ ತೊಟ್ಟಿ ಮನೆಗೆ ಸಿಮೆಂಟು ಬೇಡ

ಪ್ರಶ್ನೆ: ತೀರ್ಥಹಳ್ಳಿ ಸಮೀಪದ ಅಜ್ಜನ ಕಾಲದ ತೊಟ್ಟಿ ಮನೆಯನ್ನು ದುರಸ್ತಿ ಮಾಡಿಸಿ, ಮಕ್ಕಳೊಂದಿಗೆ ಅಲ್ಲಿಯೇ ನೆಲೆಸಬೇಕೆಂದಿದ್ದೇವೆ. ಮಣ್ಣಿನ ಗೋಡೆಗಳಿಗೆ ಹಿಂದೆ ಮಾಡಿಸಿದ್ದ ಸಿಮೆಂಟ್ ಗಾರೆ ಉಬ್ಬಿ ಕಳಚುತ್ತಿದೆ. ಮತ್ತೆ ಸಿಮೆಂಟನ್ನೇ ಹಾಕಿಸಬಹುದೇ?

ಉತ್ತರ: ದಯವಿಟ್ಟು ಬೇಡ. ಮಣ್ಣಿನ ಗೋಡೆ ನೆಲದಿಂದಲೂ ಮಳೆಯಿಂದಲೂ ಹೀರಿಕೊಂಡ ತೇವವನ್ನು ಮೇಲ್ಮೈಯ ಮೂಲಕ ಹೊರಬಿಡಬೇಕು. ಸಿಮೆಂಟು ಆ ದಾರಿಯನ್ನು ಮುಚ್ಚುವುದರಿಂದ ತೇವ ಒಳಗೇ ನಿಂತು, ಗಾರೆಯ ಹಿಂದಿನ ಮಣ್ಣು ಸಡಿಲವಾಗಿ ಉದುರುತ್ತದೆ. ಮೊದಲು ಹೆಂಚಿನ ಮಾಡನ್ನೂ ತೊಟ್ಟಿಯ ನೀರು ಹೊರಹೋಗುವ ಮೋರಿಯನ್ನೂ ಸರಿಪಡಿಸಿ, ಹಳೆಯ ಸಿಮೆಂಟನ್ನು ನಿಧಾನವಾಗಿ ಕೆತ್ತಿಸಿ, ಗೋಡೆಯನ್ನು ಬೇಸಿಗೆಯಲ್ಲಿ ಚೆನ್ನಾಗಿ ಒಣಗಲು ಬಿಟ್ಟು, ಬಳಿಕ ಸುಣ್ಣದ ಗಾರೆ ಮಾಡಿಸಿ. ತೊಲೆಗಳು ಸಾಮಾನ್ಯವಾಗಿ ಗೋಡೆಯೊಳಗೆ ಹುದುಗಿರುವ ತುದಿಯಲ್ಲೇ ಕೊಳೆಯುತ್ತವೆ. ಅಷ್ಟನ್ನೇ ತೆಗೆದು ಹೊಸ ಮರ ಜೋಡಿಸಬಲ್ಲ ಬಡಗಿ (ಅಂಥವರು ಈಗ ಅಪರೂಪ) ಸಿಕ್ಕರೆ ಇಡೀ ತೊಲೆಯನ್ನು ಬದಲಿಸಬೇಕಾಗಿಲ್ಲ.