ಜಾತ್ರೆಲಿ ಮಗು ಒಂದೇ ಅಳ್ತಾ ನಿಂತಿದ್ರೆ

ತುಮಕೂರಿನ ಓದುಗರೊಬ್ರು ಬರೆದಿದ್ದಾರೆ, ಹೆಸರು ಹಾಕ್ಬೇಡಿ ಅಂದಿದ್ದಾರೆ, ಹಾಕ್ತಿಲ್ಲ. ಪತ್ರದ ಸಾರಾಂಶ ಇಷ್ಟು: ಬಸವನಗುಡಿ ಕಡ್ಲೆಕಾಯಿ ಪರಿಷೆಗೆ ಹೋಗಿದ್ದಾಗ ನಾಲ್ಕು ವರ್ಷ ಇರಬಹುದಾದ ಹುಡುಗ ಒಬ್ಬನೇ ಅಳ್ತಾ ನಿಂತಿದ್ದ, ಕೈಲಿ ಕಡ್ಲೆಕಾಯಿ ಪೊಟ್ಟಣ, ಒಂದು ಕಾಲಲ್ಲಿ ಮಾತ್ರ ಚಪ್ಪಲಿ. ಹತ್ರ ಹೋಗಿ ಕೈ ಹಿಡಿಯೋಣ ಅಂದ್ಕೊಂಡ್ರಂತೆ, ಅಷ್ಟರಲ್ಲಿ "ಮಕ್ಕಳ ಕಳ್ಳ ಅಂತ ಜನ ಮೈಮೇಲೆ ಬಿದ್ರೆ ಏನ್ ಗತಿ" ಅನ್ನಿಸಿ ಒಂದು ಫೋಟೋ ತೆಗೆದು ಮೂರು ವಾಟ್ಸಾಪ್ ಗ್ರೂಪಿಗೆ ಹಾಕಿ ಮುಂದೆ ಹೋಗ್ಬಿಟ್ರಂತೆ. ಹಿಂತಿರುಗಿ ನೋಡಿದಾಗ ಯಾರೋ ಹೆಂಗಸು ಹುಡುಗನ ಹತ್ರ ಕೂತಿದ್ರು. "ನಾನು ಮಾಡಿದ್ದು ತಪ್ಪಾ? ಏನ್ ಮಾಡ್ಬೇಕಿತ್ತು?" ಅಂತ ಕೇಳಿದ್ದಾರೆ.

ನಮಸ್ಕಾರ ಸರ್,

ನಿಮ್ಮ ಭಯನ ನಾನು ನಗೆಮಾತು ಮಾಡಲ್ಲ. 2018ರ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಲಿ ಮಕ್ಕಳ ಕಳ್ಳ ಅನ್ನೋ ಗುಮಾನಿ ಮೇಲೆ ರಾಜಸ್ಥಾನದಿಂದ ಬಂದಿದ್ದ ಒಬ್ಬನ್ನ ಜನ ಹೊಡೆದು ಸಾಯಿಸಿದ್ರು. ಅದಾಗಿ ಎರಡು ತಿಂಗಳಿಗೆ ಬೀದರ್ ಜಿಲ್ಲೆ ಮುರ್ಕಿಲಿ, ಹೈದರಾಬಾದ್ ಕಡೆಯಿಂದ ಕಾರಲ್ಲಿ ಬಂದಿದ್ದೋರು ದಾರೀಲಿ ಮಕ್ಕಳಿಗೆ ಚಾಕ್ಲೇಟ್ ಕೊಟ್ರು ಅಂತ ಸುದ್ದಿ ಹಬ್ಬಿ, ಅಟ್ಟಿಸ್ಕೊಂಡು ಹೋಗಿ ಹೊಡೆದು, ಒಬ್ಬ ಸಾಫ್ಟ್‌ವೇರ್ ಇಂಜಿನಿಯರ್ ಜೀವ ಹೋಯ್ತು. ಎರಡೂ ಕಡೆ ಬೆಂಕಿ ಹಚ್ಚಿದ್ದು ವಾಟ್ಸಾಪ್ ಮೆಸೇಜು. ಅದಕ್ಕೇ ನಿಮ್ಮ ಎದೆ ಝಲ್ ಅಂದಿದ್ರಲ್ಲಿ ಆಶ್ಚರ್ಯ ಇಲ್ಲ. ಆದ್ರೆ ನೀವು ಭಯಪಟ್ಟಿದ್ದು ಕೈ ಹಿಡಿಯೋದಕ್ಕೆ, ಭಯಪಡದೆ ಮಾಡಿದ್ದು ವಾಟ್ಸಾಪಿಗೆ ಹಾಕೋದನ್ನ. ಅದು ಸ್ವಲ್ಪ ಉಲ್ಟಾ ಆಯ್ತು ಅಂತ ನನ್ನ ಅಭಿಪ್ರಾಯ, ಬೇಜಾರ್ ಮಾಡ್ಕೋಬೇಡಿ.

ಮೊದಲು ನನ್ನದೇ ಒಂದು ಕಥೆ ಹೇಳ್ತೀನಿ. ನಂಗೆ ಆಗ ಐದು ವರ್ಷ. ಘಾಟಿ ಸುಬ್ರಹ್ಮಣ್ಯ ದನಗಳ ಜಾತ್ರೆಗೆ ಅಪ್ಪ ಎತ್ತು ನೋಡೋಕೆ ಕರ್ಕೊಂಡು ಹೋಗಿದ್ರು, ಅಮ್ಮನೂ ಬಂದಿದ್ರು. ದನದ ವ್ಯಾಪಾರ ನೋಡಿದೀರಲ್ಲ, ಟವಲ್ ಕೆಳಗೆ ಕೈ ಇಟ್ಟು ಬೆರಳು ಹಿಡಿದೇ ರೇಟ್ ಮಾತಾಡ್ತಾರೆ. ಅಪ್ಪನ ಬಲಗೈ ದಲ್ಲಾಳಿ ಟವಲ್ ಕೆಳಗೆ, ಎಡಗೈಲಿ ನಾನು, ವ್ಯಾಪಾರ ಬಿಸಿ ಏರ್ತಿದ್ದ ಹಾಗೆ ಎಡಗೈ ಯಾವಾಗ ಸಡಿಲ ಆಯ್ತೋ ಅವರಿಗೂ ಗೊತ್ತಿಲ್ಲ ನಂಗೂ ಗೊತ್ತಿಲ್ಲ. ನಾನು ಗಿಲಿಕಿ ಸದ್ದಿನ ಹಿಂದೆ ಹೋದೆ. ಸುಮಾರು ಹೊತ್ತು ನಾನು ಕಳೆದುಹೋಗಿದೀನಿ ಅಂತ್ಲೇ ನಂಗೆ ಅನ್ನಿಸ್ಲಿಲ್ಲ, ಅಪ್ಪ ಕಳೆದುಹೋಗಿದಾರೆ ಅಂದ್ಕೊಂಡಿದ್ದೆ. ಮಕ್ಕಳು ಯಾಕೆ ನಿಂತಲ್ಲಿ ನಿಲ್ಲಲ್ಲ ಅಂದ್ರೆ ಇದಕ್ಕೇ, ಅವು ಹುಡುಕ್ತಾ ಇರ್ತಾವೆ.

ಒಬ್ಬ ಬಳೆಗಾರ್ತಿ ನನ್ನ ನೋಡಿ ರಟ್ಟೆ ಹಿಡಿದು ಎತ್ತಿ ತನ್ನ ಬಳೆ ಪೆಟ್ಟಿಗೆ ಮೇಲೆ ಕೂರಿಸಿದ್ಲು. ಎಲ್ಲಿಗೂ ಕರ್ಕೊಂಡು ಹೋಗ್ಲಿಲ್ಲ. ಪಕ್ಕದ ಬೆಂಡು ಬತ್ತಾಸಿನ ಅಂಗಡಿಯೋನ್ನ ಕೂಗಿ "ಈ ಹುಡುಗ ಇಲ್ಲಿದಾನೆ ನೋಡ್ಕೊಂಡಿರು" ಅಂದ್ಲು, ಅಷ್ಟೇ, ಮತ್ತೆ ಬಳೆ ತೊಡಿಸೋಕೆ ಕೂತ್ಲು. ಪೆಟ್ಟಿಗೆ ಮೇಲಿದ್ರೆ ನಾನು ದೂರಕ್ಕೆ ಕಾಣ್ತೀನಿ ಅನ್ನೋದು ಅವಳ ಲೆಕ್ಕ. ಅದೇ ಸರ್ ಇಡೀ ವಿದ್ಯೆ, ಮಿಕ್ಕಿದ್ದೆಲ್ಲ ಅದರ ವಿವರಣೆ.

ಮಗುನ ಆ ಜಾಗದಿಂದ ಕದಲಿಸ್ಬೇಡಿ. ತಂದೆತಾಯಿ ಮೊದ್ಲು ಬಂದ ದಾರಿಲೇ ವಾಪಸ್ ಹುಡುಕ್ತಾರೆ, ನೀವು ಪಾಪ ಅಂತ ಎತ್ಕೊಂಡು ಅಲ್ಲಿ ಇಲ್ಲಿ ಸುತ್ತಿದ್ರೆ ಇಬ್ಬರೂ ಸುತ್ತುತ್ತಾನೇ ಇರ್ತೀರ. ನಿಮ್ಮ ಭಯಕ್ಕೂ ಇದೇ ಔಷಧಿ. ಮಗು ಕೈ ಹಿಡ್ಕೊಂಡು ನಡೀತಾ ಇರೋನು ನಾಲ್ಕು ಜನಕ್ಕೆ ಕಳ್ಳನ ಥರ ಕಾಣಬಹುದು, ಮಗು ಪಕ್ಕ ಕುಕ್ಕರಗಾಲಲ್ಲಿ ಕೂತು "ಯಾರದ್ರೀ ಈ ಮಗು" ಅಂತ ಕೂಗೋನು ಕಳ್ಳನ ಥರ ಕಾಣಲ್ಲ. ಕೂಗಿ, ನಾಚ್ಕೋಬೇಡಿ. ಪಕ್ಕದ ಅಂಗಡಿಯೋರನ್ನೋ, ಮಕ್ಕಳ ಜೊತೆ ಬಂದಿರೋ ಯಾರಾದ್ರೂ ಹೆಂಗಸನ್ನೋ ಕರೀರಿ, "ಅಕ್ಕಾ ಒಂದ್ನಿಮಿಷ ಬನ್ನಿ, ಈ ಮಗು ಒಂದೇ ಇದೆ" ಅಂದ್ರೆ ಯಾರೂ ಇಲ್ಲ ಅನ್ನಲ್ಲ. ನಿಮಗೆ ಸಾಕ್ಷಿನೂ ಆಯ್ತು, ಮಗುಗೆ ಧೈರ್ಯನೂ ಆಯ್ತು.

ಮಗು ಹತ್ರ ಮಾತಾಡೋವಾಗ ನಿಂತ್ಕೊಂಡು ಮೇಲಿಂದ ಮಾತಾಡ್ಬೇಡಿ. ಮೊದಲನೇ ಪ್ರಶ್ನೆನೇ "ಅಪ್ಪನ ಹೆಸರೇನು" ಅಂದ್ರೆ ಉಪಯೋಗ ಇಲ್ಲ, ನಾಲ್ಕು ವರ್ಷದ್ದಕ್ಕೆ ಅಪ್ಪನ ಹೆಸರು ಅಪ್ಪ. "ಯಾರ್ ಜೊತೆ ಬಂದೆ, ಬಸ್ಸಲ್ಲಾ ಬೈಕಲ್ಲಾ, ಅಮ್ಮ ಯಾವ ಬಣ್ಣದ ಸೀರೆ ಉಟ್ಟಿದಾರೆ" ಅಂತ ಕೇಳಿ ನೋಡಿ. ಬೆಂಗಳೂರಲ್ಲಂತೂ ಮಗುಗೆ ಕನ್ನಡನೇ ಬರದೆ ಇರಬಹುದು, ಮಾತಾಡ್ತಿಲ್ಲ ಅಂದ್ರೆ ಮೂಗ ಅಂತಲ್ಲ, ತೆಲುಗು, ತಮಿಳು, ಉರ್ದು, ಹಿಂದಿ ಬಲ್ಲೋರು ಸುತ್ತ ಇದ್ದೇ ಇರ್ತಾರೆ, ಕರೀರಿ. ಮತ್ತೆ ದಯವಿಟ್ಟು ಚಾಕ್ಲೇಟ್ ತೆಗೀಬೇಡಿ. ನೀರು ಸಾಕು.

ಆಮೇಲೆ ಫೋನು. 112ಕ್ಕೆ ಮಾಡಿ, ಇಲ್ಲಾ ಮಕ್ಕಳ ಸಹಾಯವಾಣಿ 1098ಕ್ಕೆ, ದುಡ್ಡು ಬೀಳಲ್ಲ, ಹಗಲು ರಾತ್ರಿ ಇರತ್ತೆ. ಈ ಸಹಾಯವಾಣಿ 1996ರಲ್ಲಿ ಮುಂಬೈಲಿ ಶುರುವಾಗಿದ್ದು, 2023ರಿಂದ ಸರ್ಕಾರನೇ 112ರ ಜೊತೆ ಜೋಡಿಸ್ತಾ ನಡೆಸ್ತಿದೆ. ಹತ್ತು, ಒಂಬತ್ತು, ಎಂಟು ಅಂತ ನೆನಪಿಟ್ಕೊಳ್ಳಿ. ರೈಲಲ್ಲೋ ಸ್ಟೇಷನ್ನಲ್ಲೋ ಆದ್ರೆ 139. ಪರಿಷೆ, ದಸರಾ ಥರ ದೊಡ್ಡ ಜನಜಂಗುಳಿಲಿ ಪೊಲೀಸರು ಹತ್ರದಲ್ಲೇ ಇರ್ತಾರೆ, ಮೈಕೂ ಇರತ್ತೆ, ಯಾರನ್ನಾದ್ರೂ ಅಲ್ಲಿಗೆ ಓಡಿಸಿ, ನೀವು ಮಗು ಹತ್ರಾನೇ ಇರಿ. ಮೈಕಲ್ಲಿ ಹೇಳೋವಾಗ "ಒಂದು ಮಗು ಸಿಕ್ಕಿದೆ, ಕಳ್ಕೊಂಡೋರು ಬಂದು ಗುರುತು ಹೇಳಿ" ಅಂದ್ರೆ ಸಾಕು. ಹೆಸರು, ಶರ್ಟ್ ಬಣ್ಣ, ಬೆಳ್ಳಿ ಉಡದಾರ ಎಲ್ಲಾ ನೀವೇ ಕೂಗಿಬಿಟ್ರೆ ಬಂದೋರು ಹೇಳೋಕೆ ಏನ್ ಉಳೀತು?

ಇದು ಬರೀ ಒಳ್ಳೇತನದ ವಿಷಯ ಅಲ್ಲ, ಕಾನೂನೂ ಇದೆ. 2015ರ ಬಾಲನ್ಯಾಯ ಕಾಯ್ದೆ 32ನೇ ಸೆಕ್ಷನ್ ಪ್ರಕಾರ ಕಳೆದುಹೋದ ಮಗು ಸಿಕ್ಕಿದ ಯಾರೇ ಆಗ್ಲಿ 24 ಗಂಟೆ ಒಳಗೆ ಪೊಲೀಸರಿಗೋ ಸಹಾಯವಾಣಿಗೋ ಮಕ್ಕಳ ಕಲ್ಯಾಣ ಸಮಿತಿಗೋ ತಿಳಿಸಲೇಬೇಕು, ತಿಳಿಸದೆ ಇದ್ರೆ ಆರು ತಿಂಗಳ ತನಕ ಜೈಲು, ಇಲ್ಲಾ ಹತ್ತು ಸಾವಿರ ರೂಪಾಯಿ ದಂಡ, ಇಲ್ಲಾ ಎರಡೂ. ಅದಕ್ಕೇ "ಪಾಪ ಇವತ್ತು ರಾತ್ರಿ ನಮ್ಮನೆಲಿ ಮಲಗ್ಲಿ, ಬೆಳಗ್ಗೆ ನೋಡೋಣ" ಅನ್ನೋ ಕರುಣೆ ಬೇಡ. ಇನ್ನು ಮಗು ಕಳ್ಕೊಂಡೋರಿಗೆ, "24 ಗಂಟೆ ಆದ್ಮೇಲೆ ಕಂಪ್ಲೇಂಟ್ ತಗೋತಾರೆ" ಅನ್ನೋದು ಸಿನಿಮಾ ಡೈಲಾಗು. ಕಾಣೆಯಾದ ಮಗುವಿನ ದೂರು ಬಂದ್ರೆ ಎಫ್‌ಐಆರ್ ಮಾಡ್ಬೇಕು ಅಂತ ಸುಪ್ರೀಂ ಕೋರ್ಟು 2013ರಲ್ಲೇ ಹೇಳಿದೆ.

ಈಗ ನಿಮ್ಮ ಫೋಟೋ ವಿಷಯ. ಪತ್ರದ ಕೊನೆಲಿ ನೀವೇ ಬರ್ದಿದೀರ, ಇವತ್ತಿಗೂ ಅದು ಓಡಾಡ್ತಿದೆ, ದಾವಣಗೆರೆಯಿಂದೆಲ್ಲ ಫೋನ್ ಬರ್ತಿದೆ ಅಂತ. ಬರದೆ ಏನ್ ಮಾಡತ್ತೆ? "ಮಗು ಸಿಕ್ಕಿದೆ" ಅನ್ನೋ ಮೆಸೇಜಿಗೆ ರೆಕ್ಕೆ ಇರತ್ತೆ, "ಮಗು ಮನೆ ಸೇರ್ತು" ಅನ್ನೋದನ್ನ ಯಾರೂ ಫಾರ್ವರ್ಡ್ ಮಾಡಲ್ಲ. ಜೊತೆಗೆ ಅಂಥ ಮಗುವಿನ ಗುರುತನ್ನ ಹೀಗೆ ಬಯಲು ಮಾಡೋದೂ ಅದೇ ಕಾಯ್ದೆ ಪ್ರಕಾರ ತಪ್ಪಾಗಬಹುದು. ನಮ್ಮ ಪತ್ರಿಕೆಗೂ ಇಂಥ ಫೋಟೋ ಕಳಿಸ್ತಾರೆ, ಪೊಲೀಸರ ಕಡೆಯಿಂದ ಬರದೆ ಇದ್ರೆ ನಾವು ಹಾಕಲ್ಲ. ನೀವು ಫೋಟೋ ತೆಗೆದಿದ್ದು ತಪ್ಪಲ್ಲ ಸರ್, ಅದನ್ನ ಪೊಲೀಸರಿಗೆ ತೋರ್ಸಿದ್ರೆ ಕೆಲಸಕ್ಕೆ ಬರ್ತಿತ್ತು. ಮೂರೂ ಗ್ರೂಪಿಗೆ ಇವತ್ತೇ ಒಂದು ಮೆಸೇಜ್ ಹಾಕಿ, ಇದು ಹಳೇದು, ಫಾರ್ವರ್ಡ್ ಮಾಡ್ಬೇಡಿ ಅಂತ.

ಯಾರಾದ್ರೂ "ನಮ್ ಮಗು" ಅಂತ ಬಂದ್ರೆ ಖುಷಿಲಿ ಒಪ್ಪಿಸ್ಬಿಡ್ಬೇಡಿ. ಅವರ ಫೋನಲ್ಲಿ ಮಗು ಫೋಟೋ ಇರತ್ತೆ, ಕೇಳಿ. ಪೊಲೀಸರಿಗೆ ಆಗ್ಲೇ ಹೇಳಿದ್ರೆ ಅವರು ಬರೋ ತನಕ ನಿಲ್ಲಿಸ್ಕೊಳ್ಳಿ. ನಿಜವಾದ ತಾಯಿ ಆದ್ರೆ ಬೈಯಬಹುದು, ಬೈಸ್ಕೊಳ್ಳಿ. ಮಗು ಓಡಿ ಹೋಗಿ ತಬ್ಕೋತು ಅಂತ ಮಾತ್ರ ನಂಬ್ಕೊಂಡು ಕೂರೋಕೂ ಆಗಲ್ಲ, ಏಟು ಬೀಳತ್ತೆ ಅಂತ ಹೆದರಿ ಸ್ವಂತ ಅಪ್ಪನ್ನ ಕಂಡೇ ಹಿಂದೆ ಸರಿಯೋ ಮಕ್ಕಳಿದಾವೆ. ನಾನೇ ಹಾಗೆ ಮಾಡಿದ್ದೆ.

ಅಪ್ಪ ಟವಲ್ ಹೆಗಲಿಗೆ ಹಾಕ್ಕೊಂಡು ಬೆವರ್ತಾ ಬಂದ್ರು, ನಾನು ಬಳೆಗಾರ್ತಿ ಬೆನ್ನ ಹಿಂದೆ ಅವಿತ್ಕೊಂಡೆ. ಅವಳಿಗೆ ಅಷ್ಟು ಸಾಕಾಯ್ತು. "ನಿಮ್ ಮಗ ಆದ್ರೆ ಚಡ್ಡಿ ಜೇಬಲ್ಲಿ ಏನಿದೆ ಹೇಳಿ" ಅಂದ್ಲು. ಅಪ್ಪಂಗೆ ಏನ್ ಗೊತ್ತು? ಎತ್ತಿನ ಹಲ್ಲು ಎಷ್ಟು ಅಂತ ಗೊತ್ತಿತ್ತು, ಇದು ಗೊತ್ತಿರ್ಲಿಲ್ಲ. ಕೋಪದಲ್ಲಿ ಕೂಗಾಡಿದ್ರು, ಅವಳು ಪೆಟ್ಟಿಗೆಗೆ ಅಡ್ಡ ಕೂತೋಳು ಅಲ್ಲಾಡ್ಲಿಲ್ಲ. ಹಿಂದಿಂದ ಅಮ್ಮ ಓಡಿ ಬಂದು ಏದುಸಿರಲ್ಲೇ ಹೇಳಿದ್ರು, "ಕರ್ಚೀಫಲ್ಲಿ ಸುತ್ತಿಟ್ಟ ಅರ್ಧ ಬತ್ತಾಸು." ಬಳೆಗಾರ್ತಿ ಜೇಬಿಗೆ ಕೈ ಹಾಕಿ ನೋಡಿ, ಕರಗಿ ಅಂಟಂಟಾಗಿದ್ದ ಬತ್ತಾಸು ಅಮ್ಮನ ಕೈಗೆ ಕೊಟ್ಟು, ಆಮೇಲೆ ನನ್ನ ಕೆಳಗಿಳಿಸಿದ್ಲು.

- ಸಂ.